ಯಂತ್ರವು ಸರ್ವರ ಸೊತ್ತಾದ ಮೇಲೆ

ರಾಯಚೂರು ಸೀಮೆಯ ಗುಂಜಹಳ್ಳಿಯಂಥ ಊರಿನ ಒಕ್ಕಲಿಗನು ಪಂಪು ಕೊಳ್ಳಲು ಪೇಟೆಗೆ ಬಂದರೆ ಹತ್ತು ಹೆಸರಿನ ಪಂಪುಗಳನ್ನು ಕಾಣುತ್ತಾನೆ. ಅವುಗಳ ಒಳರಚನೆಯಾದರೋ ಬಹುಮಟ್ಟಿಗೆ ಒಂದೇ. ಹೀಗಿರಲು ಒಂದು ಕಾರಖಾನೆಯು ಇನ್ನೊಂದನ್ನು ಮೀರಿ ನಿಲ್ಲುವುದು ಯಾವ ಬಲದಿಂದ? ಈ ಪ್ರಶ್ನೆಗೆ ಲಕ್ಷ್ಮಣರಾವ್ ಕಿರ್ಲೋಸ್ಕರರ ಜೀವಿತವೇ ಉತ್ತರವೆಂದು ನಾವು ತಿಳಿಯುತ್ತೇವೆ.

ಅವರು 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ಚಿತ್ರಕಲೆಯನ್ನು ಕಲಿಯಲು ಮುಂಬಯಿಗೆ ಹೋದರೂ ಬಣ್ಣಗಳನ್ನು ಸರಿಯಾಗಿ ಗುರುತಿಸಲಾರದ ದೃಷ್ಟಿದೋಷದಿಂದ ಅದನ್ನು ಬಿಟ್ಟು, ಯಂತ್ರಗಳ ನಕ್ಷೆ ತೆಗೆಯುವುದನ್ನು ಅಭ್ಯಸಿಸಿ ಅಲ್ಲಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ವಿದ್ಯಾಲಯದಲ್ಲಿ ಶಿಕ್ಷಕರಾದರು. ತಮಗೆ ಸಲ್ಲಬೇಕಾದ ಬಡ್ತಿಯು ಆಂಗ್ಲೋ-ಇಂಡಿಯನ್ ಒಬ್ಬನಿಗೆ ಸಂದಾಗ, ಆ ನೌಕರಿಗೆ ಶರಣುಹೊಡೆದು ಬೆಳಗಾವಿಗೆ ಮರಳಿದರು.

ಬೆಳಗಾವಿಯಲ್ಲಿ ಕಿರ್ಲೋಸ್ಕರ ಬಂಧುಗಳದು ಸೈಕಲ್ ಅಂಗಡಿ. ಸೈಕಲ್ಲು ಪರದೇಶದ ಸರಕು; ಹಣವುಳ್ಳವರು ಯಾರಾದರೂ ತರಿಸಿ ಮಾರಬಹುದಾಗಿತ್ತು. ಆದುದರಿಂದ ಅವರು ಕೊಳ್ಳುವವರಿಗೆ ಸವಾರಿಯನ್ನೂ ಕಲಿಸಿದರು. ಬಳಿಕ ಮೇವು ಕತ್ತರಿಸುವ ಯಂತ್ರಕ್ಕೂ ಕಬ್ಬಿಣದ ನೇಗಿಲಿಗೂ ಕೈಹಾಕಿದರು.

ನೇಗಿಲೂ ಹೊಸ ಸಂಶೋಧನೆಯಾಗಿರಲಿಲ್ಲ. ವಿಲಾಯತಿ ನೇಗಿಲುಗಳು ಆಗಲೇ ಬರುತ್ತಿದ್ದವು. ಕಬ್ಬಿಣವು ಭೂಮಿಗೆ ವಿಷವೆಂದು ನಂಬಿದ್ದ ಒಕ್ಕಲಿಗರ ಭಯವನ್ನು ನೀಗುವುದೇ ನಿಜವಾದ ಶ್ರಮವಾಯಿತು. ಮೊದಲ ನೇಗಿಲುಗಳ ಮಾರಾಟಕ್ಕೆ ಎರಡು ವರ್ಷ ಹಿಡಿಯಿತೆಂಬುದು ಪ್ರಸಿದ್ಧ.

ಪುರಸಭೆಯ ವಿಸ್ತರಣೆಯಿಂದ ಬೆಳಗಾವಿಯ ಜಾಗವನ್ನು ಬಿಡಬೇಕಾದಾಗ ಔಂಧ ಸಂಸ್ಥಾನದ ರಾಜರು ಆಶ್ರಯವಿತ್ತರು. 1910ರಲ್ಲಿ ಕುಂಡಲ ರೋಡ್ ನಿಲ್ದಾಣದ ಬಳಿ, ಪಾಪಾಸುಕಳ್ಳಿ ಬೆಳೆದಿದ್ದ 32 ಎಕರೆ ಬಂಜರಿನಲ್ಲಿ ಕಿರ್ಲೋಸ್ಕರವಾಡಿಯು ತಲೆಯೆತ್ತಿತು. ಕಾರಖಾನೆಯೊಡನೆ ಕೆಲಸಗಾರರ ಮನೆಗಳೂ ಬೆಳೆದು ಅದು ಒಂದು ಊರೇ ಆಯಿತು. 1920ರಲ್ಲಿ ಸಂಸ್ಥೆಯು ಲಿಮಿಟೆಡ್ ಕಂಪನಿಯಾಯಿತು. ಅದೇ ವರ್ಷ ಗಿರಾಕಿಗಳಿಗಾಗಿ ಒಂದು ಪತ್ರಿಕೆಯೂ ಹೊರಟಿತು.

ಎರಕದ ವಿದ್ಯೆ ಗುಟ್ಟಾಗಿ ಉಳಿಯುವಂಥದಲ್ಲ. 1922ರಲ್ಲಿ ಸಾತಾರೆಯ ಕಡೆ ಕೂಪರರ ಕಾರಖಾನೆಯು ಹುಟ್ಟಿ ಅದೂ ನೇಗಿಲುಗಳನ್ನು ತಯಾರಿಸಿತು. ಕಿರ್ಲೋಸ್ಕರರು ನೇಗಿಲೊಂದನ್ನೇ ನೆಚ್ಚಿ ಕೂಡಲಿಲ್ಲ. 1926ರ ಸುಮಾರಿಗೆ ಅವರ ಕಾರಖಾನೆಯಿಂದ ನೀರೆತ್ತುವ ಪಂಪುಗಳೂ ಹೊರಬಂದವು. ನೇಗಿಲನ್ನು ನಂಬಿದ ಒಕ್ಕಲಿಗನು ಅದೇ ಹೆಸರಿನ ಪಂಪನ್ನೂ ನಂಬಿದನು. ಅಚ್ಚನ್ನು ನಕಲು ಮಾಡಬಹುದು. ಎರಡು ದಶಕಗಳ ವಿಶ್ವಾಸವನ್ನೂ ನುರಿತ ಕೈಗಳನ್ನೂ ನಕಲು ಮಾಡುವುದು ಸುಲಭವಲ್ಲ.

ಲಕ್ಷ್ಮಣರಾಯರು 1956ರಲ್ಲಿ ದಿವಂಗತರಾದರು. ಅವರ ಹೆಸರೇ ಶಾಶ್ವತ ರಕ್ಷೆಯೆಂದು ಮಾತ್ರ ಯಾರೂ ಭಾವಿಸಲಾಗದು. 1941ರಲ್ಲಿ ಹರಿಹರದಲ್ಲಿ ಹುಟ್ಟಿ, ಲೇತುಗಳಿಗೆ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರವು ಅದೇ ಹೆಸರನ್ನು ಹೊತ್ತಿದ್ದರೂ ಈ ಶತಮಾನದ ಆರಂಭದಲ್ಲಿ ಮುಚ್ಚಿಹೋಯಿತು. ನೂರಾರು ಸಂಸಾರಗಳು ಅದರ ಕಷ್ಟವನ್ನುಂಡವು. ಹಿರಿಯರ ಕೀರ್ತಿಯು ಬಡ್ಡಿಯ ಗಂಟಲ್ಲ. ಅದನ್ನು ಪ್ರತಿಯೊಂದು ತಲೆಮಾರೂ ದುಡಿದು ಸಂಪಾದಿಸಬೇಕು.

ರಾಯಚೂರು, ಮಾನ್ವಿಗಳ ಅಕ್ಕಿಗಿರಣಿಗಳ ಮಾಲೀಕರು ಈ ಚರಿತ್ರೆಯನ್ನು ಲಕ್ಷ್ಯಕ್ಕೆ ತಂದುಕೊಳ್ಳಬೇಕೆಂದು ನಮ್ಮ ಬಿನ್ನಹ. ಹೊಸ ಯಂತ್ರವನ್ನು ಇಂದು ಒಬ್ಬರು ತಂದರೆ ನಾಳೆ ನೆರೆಯವರೂ ತರುವರು. ತೂಕದ ಪ್ರಾಮಾಣಿಕತೆ, ಕೆಲಸಗಾರರ ನೈಪುಣ್ಯ, ಮುಂದಿನ ಅವಶ್ಯಕತೆಯನ್ನು ಮೊದಲೇ ಕಾಣುವ ಕಣ್ಣು, ಇವು ಮಾತ್ರ ಯಾವ ಅಂಗಡಿಯಲ್ಲಿಯೂ ವಿಕ್ರಯಕ್ಕಿಲ್ಲ.