ಅವಸರವಿಲ್ಲದ ಕುಂಚ

ಧನುರ್ಮಾಸದ ಬೆಳಗಿನಲ್ಲಿ ಮೈಸೂರಿನ ವಿದ್ಯಾರಣ್ಯಪುರಂ ಬೀದಿಗಳಲ್ಲಿ ನಿಂತರೆ ಕೆಲವು ದಿನ ಚಾಮುಂಡಿಬೆಟ್ಟ ಕಣ್ಣಿಗೇ ಬೀಳುವುದಿಲ್ಲ. ಮನೆಗಳ ಮುಂದೆ ರಂಗೋಲಿ ಮೂಡುತ್ತದೆ, ದೇವಸ್ಥಾನದಲ್ಲಿ ಹುಗ್ಗಿಯ ನೈವೇದ್ಯವಾಗುತ್ತದೆ, ಹಾಲು ತರಲು ಹೊರಟವರು ಕುಲಾವಿಯನ್ನು ಕಿವಿಯ ಮೇಲೆ ಎಳೆದುಕೊಳ್ಳುತ್ತಾರೆ. ಬೆಟ್ಟವಿರಬೇಕಾದ ಕಡೆ ಮಾತ್ರ ಬರಿಯ ಬೂದುಬಣ್ಣ. ಬಿಸಿಲೇರಿದಂತೆ ಮೊದಲು ಒಂದು ಬಾಗಿದ ಗೆರೆ, ಬಳಿಕ ಅದರೊಳಗೆ ಹಸಿರಿನ ಛಾಯೆ, ಕಡೆಗೆ ಗಿಡಮರಗಳು ತೋರುತ್ತವೆ. ಆಕಾರವು ಬಣ್ಣದಲ್ಲಿ ಕರಗುವ ಮತ್ತು ಬಣ್ಣದಿಂದಲೇ ಮೂಡಿಬರುವ ಈ ಕ್ಷಣವನ್ನು ಅಮೂರ್ತ ಚಿತ್ರಕಾರರು ಬದುಕಿಡೀ ಅರಸುತ್ತಾರೆ. ಅಮೂರ್ತ ಕಲೆಯ ಮಾತು ನಮ್ಮಲ್ಲಿ ಬಳಕೆಗೆ ಬರುವ ಬಹಳ ಮೊದಲೇ ಅದನ್ನು ಜಲವರ್ಣದಲ್ಲಿ ಹಿಡಿದವರೊಬ್ಬರು ಮೈಸೂರಿನಲ್ಲಿದ್ದರು. ಅವರೇ ಕೆ. ವೆಂಕಟಪ್ಪ.

ವೆಂಕಟಪ್ಪನವರನ್ನು ಇಂದಿನ ಅರ್ಥದಲ್ಲಿ ಅಮೂರ್ತ ಕಲಾವಿದರೆನ್ನಲಾಗದು. ರಾಮಾಯಣದ ಪ್ರಸಂಗಗಳನ್ನೂ ವ್ಯಕ್ತಿಚಿತ್ರಗಳನ್ನೂ ಬರೆದವರು ಅವರು. ಆದರೂ ಚಿತ್ರಶಾಲೆಯ ಏಕಾಂತವನ್ನೇ ಬದುಕಿನ ಕ್ರಮವಾಗಿಸಿಕೊಂಡ ಕಲಾವಿದನ ಕಥೆ ಕನ್ನಡನಾಡಿನಲ್ಲಿ ಬೇಕೆಂದರೆ ಅವರ ಜೀವನಕ್ಕಿಂತ ಮಿಗಿಲಾದ ನಿದರ್ಶನ ಸಿಗುವುದು ಕಷ್ಟ. ಕಲಾವಿದನ ಕಾಲ ಯಾರ ಸೊತ್ತು ಎಂಬ ಪ್ರಶ್ನೆಯನ್ನು ಆ ಬದುಕು ಎತ್ತಿತು. ಆ ಪ್ರಶ್ನೆ ಇಂದಿಗೂ ಹಳತಾಗಿಲ್ಲ.

1886ರಲ್ಲಿ ಹುಟ್ಟಿದ ವೆಂಕಟಪ್ಪನವರದು ಮೈಸೂರು ಅರಮನೆಯನ್ನು ಆಶ್ರಯಿಸಿದ್ದ ಚಿತ್ರಗಾರರ ಮನೆತನ. ತಂದೆ ಕೃಷ್ಣಪ್ಪನವರು ಆಸ್ಥಾನದ ಚಿತ್ರಗಾರರು. ಬಣ್ಣ ಅರೆಯುವುದು, ಕುಂಚ ಕಟ್ಟುವುದು, ಚಿನ್ನದ ಹಾಳೆ ಕೂರಿಸುವುದು ಇಂಥ ಮನೆಗಳಲ್ಲಿ ಮಕ್ಕಳು ನೋಡುತ್ತಲೇ ಕಲಿಯುತ್ತಿದ್ದ ಕೆಲಸಗಳು. ಹುಡುಗನ ಪ್ರತಿಭೆ ನಾಲ್ವಡಿ ಕೃಷ್ಣರಾಜ ಒಡೆಯರ ಗಮನಕ್ಕೆ ಬಂದಿತು. ಸಂಸ್ಥಾನದ ನೆರವಿನಿಂದ ಅವರು 1909ರಲ್ಲಿ ಕಲ್ಕತ್ತೆಯ ಸರ್ಕಾರಿ ಕಲಾಶಾಲೆಯನ್ನು ಸೇರಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ನಂದಲಾಲ ಬೋಸ್, ಅಸಿತಕುಮಾರ ಹಾಲ್ದಾರ್, ಸಮರೇಂದ್ರನಾಥ ಗುಪ್ತ ಮೊದಲಾದವರು ಅವರ ಸಹಾಧ್ಯಾಯಿಗಳು. ಯುರೋಪಿನ ತೈಲಚಿತ್ರದ ಅನುಕರಣೆಯನ್ನು ಬಿಟ್ಟು ಭಾರತೀಯ ಚಿತ್ರಕಲೆಗೆ ತನ್ನದೇ ಭಾಷೆಯನ್ನು ಹುಡುಕುತ್ತಿದ್ದ ಗುಂಪು ಅದು.

ಆ ಗುಂಪಿಗೆ ಚಳಿಗಾಲವೊಂದು ದೊಡ್ಡ ಪಾಠಶಾಲೆಯಾಯಿತು. ಲೇಡಿ ಹೆರಿಂಗ್‌ಹ್ಯಾಂ ಎಂಬ ಇಂಗ್ಲಿಷ್ ಕಲಾವಿದೆ ಅಜಂತೆಯ ಭಿತ್ತಿಚಿತ್ರಗಳ ಪ್ರತಿ ತೆಗೆಯಲು ಹೊರಟಾಗ ಕಲ್ಕತ್ತೆಯ ಈ ತರುಣರು ನೆರವಾದರು. ಅವರಲ್ಲಿ ವೆಂಕಟಪ್ಪನವರೂ ಇದ್ದರು. ಕೆಲಸ ನಡೆದದ್ದು 1909ರಿಂದ 1911ರ ನಡುವಿನ ಚಳಿಗಾಲಗಳಲ್ಲಿ. ಫರ್ದಾಪುರದ ಬಳಿ ಡೇರೆಗಳಲ್ಲಿ ವಾಸ, ಹಗಲೆಲ್ಲ ಗುಹೆಗಳ ಮಬ್ಬುಗತ್ತಲಿನಲ್ಲಿ ಶತಮಾನಗಳಷ್ಟು ಹಳೆಯ ಗೆರೆಗಳನ್ನು ಹಿಂಬಾಲಿಸುವ ಕೆಲಸ. ಪ್ರತಿ ತೆಗೆಯುವವನು ತನ್ನ ಕೈಚಳಕವನ್ನು ಮೆರೆಯುವಂತಿಲ್ಲ. ಅಳಿದುಹೋದ ಕಡೆ ಕಲ್ಪಿಸಿ ತುಂಬುವಂತಿಲ್ಲ. ಕಂಡಷ್ಟನ್ನು ಮಾತ್ರ ಬರೆಯಬೇಕೆಂಬ ಈ ಸಂಯಮ ಮುಂದೆ ವೆಂಕಟಪ್ಪನವರ ಎಲ್ಲ ಕೃತಿಗಳಲ್ಲೂ ಕಾಣುತ್ತದೆ.

ಸೋದರಿ ನಿವೇದಿತಾ ಆರಂಭಿಸಿ, ಅವರ ಮರಣಾನಂತರ ಆನಂದ ಕುಮಾರಸ್ವಾಮಿ ಪೂರ್ಣಗೊಳಿಸಿದ ಹಿಂದೂ ಮತ್ತು ಬೌದ್ಧ ಪುರಾಣಕಥೆಗಳ ಇಂಗ್ಲಿಷ್ ಗ್ರಂಥ 1913ರಲ್ಲಿ ಪ್ರಕಟವಾಯಿತು. ಅದರ ರಾಮಾಯಣದ ಭಾಗಕ್ಕೆ ವೆಂಕಟಪ್ಪನವರು ಚಿತ್ರಗಳನ್ನು ಬರೆದರು. ಇಪ್ಪತ್ತೇಳರ ಹರೆಯದ ಮೈಸೂರಿನ ತರುಣನ ಹೆಸರು ಹೀಗೆ ಲಂಡನ್ನಿನವರೆಗೂ ತಲುಪಿತು. ಕಲ್ಕತ್ತೆಯಲ್ಲೇ ನೆಲೆ ನಿಂತಿದ್ದರೆ ಅಖಿಲ ಭಾರತ ಮಟ್ಟದ ಕೀರ್ತಿ ಸುಲಭವಾಗುತ್ತಿತ್ತೇನೋ. ಅವರು ಮೈಸೂರಿಗೆ ಮರಳಿದರು.

ಮರಳಿದ ಮೇಲಿನ ಬದುಕು ನೇಮದ ಬದುಕು. ಮದುವೆಯಾಗಲಿಲ್ಲ, ಚಿತ್ರಗಳನ್ನು ಮಾರುವುದಕ್ಕಾಗಲಿ ಪ್ರದರ್ಶಿಸುವುದಕ್ಕಾಗಲಿ ಆತುರ ತೋರಲಿಲ್ಲ. ದಿನಚರಿಯನ್ನು ಬರೆದಿಡುವ ಅಭ್ಯಾಸ ಅವರಿಗಿತ್ತು. ಕುಂಚ ಹಿಡಿದ ಹೊತ್ತೂ ನಿತ್ಯದ ಸಣ್ಣಪುಟ್ಟ ಸಂಗತಿಗಳೂ ಅವರಿಗೆ ಲೆಕ್ಕವಿಡಬೇಕಾದ ವಿಷಯಗಳೇ ಆಗಿದ್ದವು. ಸಾಲದೆಂಬಂತೆ ವೀಣೆ ಶೇಷಣ್ಣನವರಲ್ಲಿ ವೀಣೆಯನ್ನು ಕಲಿಯತೊಡಗಿದರು. ಅದು ಬಿಡುವಿನ ವೇಳೆಯ ಹವ್ಯಾಸವಾಗಿರಲಿಲ್ಲ. ವೀಣೆಯ ಹುಚ್ಚು ಹಿಡಿದ ತನ್ನನ್ನೇ ವಸ್ತುವಾಗಿಸಿಕೊಂಡು ಅವರು ಚಿತ್ರವೊಂದನ್ನೂ ಬರೆದಿದ್ದಾರೆ. ಕಥೆಯಿಲ್ಲದೆ, ವಸ್ತುವಿಲ್ಲದೆ ನಾದದಿಂದಲೇ ಭಾವವನ್ನು ಕಟ್ಟುವ ರಾಗಾಲಾಪನೆ ಎಲ್ಲ ಕಲೆಗಳಿಗಿಂತ ಹೆಚ್ಚು ಅಮೂರ್ತವಾದದ್ದು. ಅದರಲ್ಲಿ ಮುಳುಗಿದವರ ಕಣ್ಣಿಗೆ ಬೆಟ್ಟ ಮತ್ತು ಮೋಡ ಬೇರೊಂದು ಬಗೆಯಲ್ಲಿ ಕಂಡಿರಬೇಕು.

1926ರ ಊಟಿಯ ಚಿತ್ರಗಳೂ ಅನಂತರದ ಕೊಡೈಕೆನಾಲಿನ ಚಿತ್ರಗಳೂ ಇದಕ್ಕೆ ಸಾಕ್ಷಿ. ಮೈಸೂರಿನವರು ಮಾಗಿಯಲ್ಲಿ ಮಾತ್ರ ಕಾಣುವ ಮಂಜು ನೀಲಗಿರಿಯಲ್ಲಿ ಮಳೆಗಾಲದಲ್ಲೂ ಕವಿದಿರುತ್ತದೆ. ಒಡೆಯುತ್ತಿರುವ ಮುಂಗಾರಿನ ಮೋಡ, ಮಳೆಯಲ್ಲಿ ತೊಯ್ದ ಇಳಿಜಾರು, ಬೆಳದಿಂಗಳಲ್ಲಿ ಮಲಗಿದ ಊರು ಅವರ ವಸ್ತುಗಳಾದವು. ಪುರಾಣದ ಪಾತ್ರಗಳು ಇಲ್ಲಿ ಸರಿದು ನಿಂತಿವೆ, ಮನುಷ್ಯರ ಗದ್ದಲವಿಲ್ಲ. ಬಂಗಾಳದ ಗುರುಗಳಿಂದ ಕಲಿತ ಮಸುಕು ಬಣ್ಣದ ತೊಳೆಯುವ ವಿಧಾನವನ್ನೂ ಬಹುಮಟ್ಟಿಗೆ ಬಿಟ್ಟು, ಶುಭ್ರವಾದ ಪಾರದರ್ಶಕ ವರ್ಣಗಳನ್ನು ಅವರು ನಂಬಿದರು.

ಈ ವಿಧಾನದ ಕಷ್ಟ ನೋಡುವವರಿಗೆ ಸುಲಭವಾಗಿ ತಿಳಿಯದು. ಪಾರದರ್ಶಕ ಜಲವರ್ಣದಲ್ಲಿ ಬಿಳಿಯ ಬಣ್ಣವೆಂದರೆ ಕಾಗದವೇ. ಮಂಜನ್ನು ತೋರಿಸಬೇಕಾದರೆ ಅಲ್ಲಿ ಕಾಗದವನ್ನು ಹಾಗೆಯೇ ಉಳಿಸಿಕೊಳ್ಳಬೇಕು. ತೆಳುವಿನಿಂದ ಗಾಢಕ್ಕೆ ಒಂದೊಂದೇ ಪದರವಾಗಿ ಸಾಗಬೇಕು, ಒಂದು ಪದರ ಒಣಗುವ ಮುನ್ನ ಇನ್ನೊಂದನ್ನಿಟ್ಟರೆ ಅಂಚು ಕದಡುತ್ತದೆ. ತಪ್ಪಿದರೆ ತೈಲವರ್ಣದಂತೆ ಮೇಲೆ ಬಳಿದು ಮುಚ್ಚಲಾಗುವುದಿಲ್ಲ. ತೇವ ತುಂಬಿದ ಚಳಿಯಲ್ಲಂತೂ ಬಣ್ಣ ಬೇಗನೆ ಒಣಗದು, ಕಾಯಲೇಬೇಕು. ದಂತದ ಫಲಕಗಳ ಮೇಲೆ ಅವರು ಬರೆದ ಕಿರುಚಿತ್ರಗಳದು ಇನ್ನೂ ಸೂಕ್ಷ್ಮವಾದ ಕೆಲಸ. ದಂತ ನೀರನ್ನು ಹೀರುವುದಿಲ್ಲವಾದ್ದರಿಂದ ಚುಕ್ಕೆ ಚುಕ್ಕೆಯಾಗಿ ಬಣ್ಣವನ್ನು ಕೂರಿಸಬೇಕಾಗುತ್ತದೆ. ಹೀಗೆ ವೆಂಕಟಪ್ಪನವರ ನಿಧಾನಕ್ಕೆ ಅವರ ಮಾಧ್ಯಮದಲ್ಲೇ ಕಾರಣವಿತ್ತು.

ಆ ನಿಧಾನಕ್ಕೆ ಬೆಲೆ ಕಟ್ಟುವುದು ಹೇಗೆ? ಈ ಪ್ರಶ್ನೆ ಅರಮನೆಯ ಕೆಲಸದಲ್ಲೇ ಎದುರಾಯಿತು. ಒಡೆಯರ ಆಶ್ರಯದಲ್ಲಿ ಅವರು ಅರಮನೆಗಾಗಿ ಪ್ಲಾಸ್ಟರಿನ ಉಬ್ಬುಶಿಲ್ಪಗಳನ್ನು ಮಾಡತೊಡಗಿದ್ದರು. ನಾಲ್ವಡಿಯವರು 1940ರಲ್ಲಿ ತೀರಿಕೊಂಡರು. ಕಲೆಯನ್ನೂ ಕಲಾವಿದನ ಸ್ವಭಾವವನ್ನೂ ಅರಿತ ದೊರೆ ಇಲ್ಲವಾದ ಮೇಲೆ ಉಳಿದದ್ದು ಕಡತ ಮತ್ತು ಲೆಕ್ಕ. ಕೆಲಸ ಹಾಗೂ ಸಂಭಾವನೆಯ ಕುರಿತ ಭಿನ್ನಾಭಿಪ್ರಾಯ ಬೆಳೆದು ವೆಂಕಟಪ್ಪನವರು ನ್ಯಾಯಾಲಯದ ಮೆಟ್ಟಿಲೇರಿದರು. ತಲೆಮಾರುಗಳಿಂದ ಅರಮನೆಯ ಅನ್ನ ಉಂಡ ಮನೆತನದವನೊಬ್ಬ ಅದೇ ಅರಮನೆಯ ವಿರುದ್ಧ ದಾವೆ ಹೂಡುವುದು ಆ ಕಾಲದಲ್ಲಿ ಸಾಮಾನ್ಯ ಸಂಗತಿಯಾಗಿರಲಿಲ್ಲ. ಅದನ್ನು ಹಠವೆಂದು ಕರೆಯುವವರಿದ್ದಾರು. ಚಿತ್ರಗಾರನ ದುಡಿಮೆ ದೊರೆಯ ಕೃಪೆಯಲ್ಲ, ಅದು ಹಕ್ಕಿನಿಂದ ಪಡೆಯಬೇಕಾದ ಪ್ರತಿಫಲವುಳ್ಳ ವೃತ್ತಿ ಎಂಬ ಆಧುನಿಕ ನಿಲುವು ಆ ಹಠದಲ್ಲಿತ್ತೆಂಬುದನ್ನು ಮರೆಯಬಾರದು. ಹಣಕ್ಕಾಗಿ ಚಿತ್ರ ಮಾರಲು ಒಲ್ಲದವರೇ ಸಲ್ಲಬೇಕಾದ ಹಣಕ್ಕಾಗಿ ಹೋರಾಡಿದ್ದರಲ್ಲಿ ವಿರೋಧವೇನೂ ಇಲ್ಲ. ಎರಡರ ಹಿಂದೆಯೂ ಇದ್ದದ್ದು ಆತ್ಮಗೌರವವೇ.

ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ಅವರು ತಮ್ಮ ಕೊಠಡಿ, ವೀಣೆ ಮತ್ತು ಚಿತ್ರಗಳೊಂದಿಗೆ ಬಹುಮಟ್ಟಿಗೆ ಒಂಟಿಯಾಗಿ ಉಳಿದು 1965ರಲ್ಲಿ ತೀರಿಕೊಂಡರು. ಅವರ ಹೆಸರಿನ ಕಲಾಶಾಲೆ 1970ರ ದಶಕದಲ್ಲಿ ಕಸ್ತೂರಬಾ ರಸ್ತೆಯಲ್ಲಿ ತೆರೆಯಿತು. ಬದುಕಿದ್ದಾಗ ಜನರ ಕಣ್ಣಿಗೆ ಚಿತ್ರಗಳನ್ನು ಸುಲಭವಾಗಿ ಒಡ್ಡದ ಕಲಾವಿದನ ಹೆಸರಿನ ಕಟ್ಟಡ, ಹೆಚ್ಚು ಹಣವಿಲ್ಲದ ಎಷ್ಟೋ ತರುಣ ಕಲಾವಿದರಿಗೆ ಮೊದಲ ಪ್ರದರ್ಶನದ ವೇದಿಕೆಯಾಯಿತು. ಅದರ ನಿರ್ವಹಣೆಯನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ವಹಿಸುವ ಒಪ್ಪಂದವಾದಾಗ 2016ರಲ್ಲಿ ಕಲಾವಿದರು ಬೀದಿಗಿಳಿದು ಪ್ರತಿಭಟಿಸಿದರು. ಸಾರ್ವಜನಿಕ ಸ್ಥಳ ಸಾರ್ವಜನಿಕವಾಗಿಯೇ ಉಳಿಯಬೇಕೆಂಬುದು ಅವರ ಆಗ್ರಹವಾಗಿತ್ತು.

ಆ ಆಗ್ರಹಕ್ಕೆ ಇನ್ನೊಂದು ಹೊಣೆಯೂ ಸೇರಿಕೊಂಡಿದೆ. ಜಲವರ್ಣದ ಚಿತ್ರ ಬೆಳಕಿಗೆ ಹೆಚ್ಚು ಒಡ್ಡಿದರೆ ಮಾಸುತ್ತದೆ, ತೇವಕ್ಕೆ ಸಿಕ್ಕರೆ ಬೂಷ್ಟು ಹಿಡಿಯುತ್ತದೆ. ಮಂದ ಬೆಳಕು, ಹದವಾದ ಗಾಳಿ, ಕೆಲವು ತಿಂಗಳಿಗೊಮ್ಮೆ ಗೋಡೆಯಿಂದ ಇಳಿಸಿ ವಿಶ್ರಾಂತಿ ಕೊಡುವ ಪದ್ಧತಿ ಅವುಗಳಿಗೆ ಅಗತ್ಯ. ಇವು ದೊಡ್ಡ ಘೋಷಣೆಗಳಾಗುವ ಕೆಲಸಗಳಲ್ಲ, ಪ್ರತಿದಿನ ತಾಳ್ಮೆಯಿಂದ ನಡೆಯಬೇಕಾದವು. ಸರ್ಕಾರ ಅಷ್ಟನ್ನು ತಪ್ಪದೆ ಮಾಡಲಿ. ಮೈಸೂರಿನ ಶಾಲೆಗಳು ಬೆಂಗಳೂರಿಗೆ ಪ್ರವಾಸ ಹೋದಾಗ ವಿಧಾನಸೌಧದ ಮುಂದೆ ಫೋಟೊ ತೆಗೆಸಿಕೊಂಡ ಮಕ್ಕಳನ್ನು ಒಂದು ಗಂಟೆ ಈ ಚಿತ್ರಗಳ ಮುಂದೆಯೂ ನಿಲ್ಲಿಸಲಿ. ಬಣ್ಣ ಹಚ್ಚದೆ ಬಿಟ್ಟ ಕಾಗದ ಹೇಗೆ ಮಂಜಾಗುತ್ತದೆಂಬುದನ್ನು ಅವರು ತಮ್ಮ ಊರಿನ ಚಿತ್ರಗಾರನಿಂದಲೇ ಕಲಿಯಬಹುದು.