ತೂಕದ ಲೆಕ್ಕವನ್ನು ಬಡಗಿಯ ಭಾಷೆಗೆ ತಂದ ಸಿಮೊನ್ ಸ್ಟೆವಿನ್

ಇಲ್ಲಿನ ಹೈಸ್ಕೂಲಿಗೆ ಮಕ್ಕಳನ್ನು ಸೇರಿಸಿದವರಿಗೆ ‘ವಿಸ್ಕುಂದೆ’ ಅನ್ನೋ ಪದ ಗೊತ್ತೇ ಇರುತ್ತೆ. ಗಣಿತಕ್ಕೆ ಡಚ್ಚರ ಹೆಸರು ಅದು. ಯುರೋಪಿನ ಹೆಚ್ಚಿನ ಭಾಷೆಗಳು ಗ್ರೀಕಿನಿಂದ ಬಂದ ಪದವನ್ನೇ ಇಟ್ಟುಕೊಂಡಿವೆ. ಡಚ್ಚರ ಹತ್ತಿರ ಸ್ವಂತದ್ದೊಂದು ಪದ ಇದೆ, ಖಚಿತವಾದದ್ದನ್ನು ತಿಳಿಯುವ ವಿದ್ಯೆ ಅಂತ ಅದರ ಅರ್ಥ. ಆ ಪದದ ಮೂಲ ರೂಪವನ್ನು ಕಟ್ಟಿಕೊಟ್ಟವನು ಸಿಮೊನ್ ಸ್ಟೆವಿನ್.

ಸ್ಟೆವಿನ್ ಹುಟ್ಟಿದ್ದು 1548ರಲ್ಲಿ, ಈಗ ಬೆಲ್ಜಿಯಂನಲ್ಲಿರುವ ಬ್ರೂಗೆ ಪಟ್ಟಣದಲ್ಲಿ. ತಂದೆ ತಾಯಿಗೆ ಮದುವೆ ಆಗಿರಲಿಲ್ಲ. ಆ ಕಾಲದಲ್ಲಿ ಅಂಥ ಮಗುವಿಗೆ ದೊಡ್ಡ ಮನೆತನದ ಬಾಗಿಲುಗಳು ಸುಲಭವಾಗಿ ತೆರೆಯುತ್ತಿರಲಿಲ್ಲ. ಹುಡುಗ ಲೆಕ್ಕಪತ್ರದ ಕೆಲಸ ಹಿಡಿದ. ಆಂಟ್‌ವರ್ಪ್‌ನಲ್ಲಿ ವ್ಯಾಪಾರಿಗಳ ಲೆಕ್ಕ ಬರೆದ, ಆಮೇಲೆ ಬ್ರೂಗೆಯ ತೆರಿಗೆ ಕಚೇರಿಯಲ್ಲಿ ಗುಮಾಸ್ತನಾದ. ನಡುವೆ ಪೋಲೆಂಡ್, ನಾರ್ವೆ ಅಂತ ಸುತ್ತಾಡಿಯೂ ಬಂದ. ಸ್ಪೇನ್ ದೊರೆಯ ವಿರುದ್ಧ ಇಲ್ಲಿನವರು ದಂಗೆಯೆದ್ದಿದ್ದ ಕಾಲ ಅದು. ದಕ್ಷಿಣದಿಂದ ಸಾವಿರಾರು ಜನ ಗಂಟುಮೂಟೆ ಕಟ್ಟಿಕೊಂಡು ಉತ್ತರಕ್ಕೆ ಬರುತ್ತಿದ್ದರು. 1581ರ ಹೊತ್ತಿಗೆ ಸ್ಟೆವಿನ್ ಕೂಡ ಲೈಡನ್ ಸೇರಿದ. ಅಂದರೆ ಈ ದೇಶಕ್ಕೆ ಅವನೂ ವಲಸೆ ಬಂದವನೇ. ಲೈಡನ್ ವಿಶ್ವವಿದ್ಯಾಲಯದಲ್ಲಿ ಹೆಸರು ಬರೆಸಿದ್ದು 1583ರಲ್ಲಿ, ವಯಸ್ಸು 35. ನಮ್ಮಲ್ಲಿ ಈ ವಯಸ್ಸಿಗೆ ಡಚ್ ಕ್ಲಾಸಿಗೆ ಹೋಗೋಕೆ ನಾಚಿಕೊಳ್ಳುವವರು ಇದನ್ನು ಗಮನಿಸಬಹುದು.

ಮೊದಲು ಅವನು ಅಚ್ಚು ಹಾಕಿಸಿದ್ದು ಬಡ್ಡಿ ಕೋಷ್ಟಕ, 1582ರಲ್ಲಿ. ಸಾಲ ಕೊಡುವವರು ಗುಟ್ಟಾಗಿ ಇಟ್ಟುಕೊಂಡಿದ್ದ ಲೆಕ್ಕವನ್ನು ಎಲ್ಲರ ಕೈಗೂ ಕೊಟ್ಟುಬಿಟ್ಟ. 1585ರಲ್ಲಿ ಬಂದದ್ದು ದಶಮಾಂಶದ ಚಿಕ್ಕ ಪುಸ್ತಕ. ದಶಮಾಂಶವನ್ನು ಅವನೇ ಕಂಡುಹಿಡಿದ ಅಂತಲ್ಲ, ಆದರೆ ಯುರೋಪಿನಲ್ಲಿ ಅದನ್ನು ದಿನಬಳಕೆಗೆ ತಂದದ್ದು ಆ ಪುಸ್ತಕ. ಅದನ್ನು ಯಾರಿಗಾಗಿ ಬರೆದ ನೋಡಿ: ಭೂಮಿ ಅಳೆಯುವವರು, ಬಟ್ಟೆ ಅಳೆಯುವವರು, ನಾಣ್ಯ ಟಂಕಿಸುವವರು, ವ್ಯಾಪಾರಿಗಳು. ಮುಂದೆ ಉಣ್ಣೆ ಬಟ್ಟೆಗೇ ಹೆಸರಾದ ನಮ್ಮ ಟಿಲ್‌ಬರ್ಗ್‌ನಂಥ ಊರಿಗೆ ಬೇಕಾದ ಲೆಕ್ಕವೇ ಅದು.

ಮುಖ್ಯ ಪುಸ್ತಕ ಬಂದದ್ದು 1586ರಲ್ಲಿ. ತೂಗುವ ಕಲೆಯ ಮೂಲತತ್ವಗಳು ಅಂತ ಅದರ ಹೆಸರಿನ ಅರ್ಥ. ವಿದ್ವಾಂಸರೆಲ್ಲ ಲ್ಯಾಟಿನ್‌ನಲ್ಲಿ ಬರೆಯುತ್ತಿದ್ದಾಗ ಸ್ಟೆವಿನ್ ಇದನ್ನು ಡಚ್‌ನಲ್ಲಿ ಬರೆದ. ಯಾಕೆ ಅಂತ ವಾದಿಸೋಕೆ ಮುಂದೆ ಉದ್ದದ ಮುನ್ನುಡಿಯನ್ನೇ ಜೋಡಿಸಿದ. ಡಚ್‌ನಲ್ಲಿ ಒಂದೇ ಉಸಿರಿನ ಚಿಕ್ಕ ಪದಗಳು ಎಷ್ಟಿವೆ ಅಂತ ಪಟ್ಟಿ ಮಾಡಿದ, ಅವನ್ನು ಜೋಡಿಸಿದರೆ ಯಾವ ವಿದ್ಯೆಗೂ ಪದ ಸಿಗುತ್ತೆ ಅನ್ನೋದು ಅವನ ವಾದ. ಡಚ್ಚೇ ಎಲ್ಲಕ್ಕಿಂತ ಶ್ರೇಷ್ಠ ಅಂತ ಸಾಧಿಸೋಕೆ ಹೊರಟಿದ್ದು ಸ್ವಲ್ಪ ಅತಿಯಾಯಿತು ಅಂತ ನನಗನಿಸುತ್ತೆ, ಆದರೆ ಕೆಲಸ ಮಾಡೋ ಕೈಗೆ ಲೆಕ್ಕ ಅದರದೇ ಭಾಷೆಯಲ್ಲಿ ಸಿಗಬೇಕು ಅನ್ನೋದರಲ್ಲಿ ತಪ್ಪಿಲ್ಲ. ನಮ್ಮ ರಾಜಾದಿತ್ಯ 12ನೇ ಶತಮಾನದಲ್ಲೇ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿ ಬರೆದಿದ್ದ, ಅದನ್ನೂ ಇಲ್ಲಿ ನೆನೆಯಬೇಕು.

ಪುಸ್ತಕದ ಮುಖಪುಟದಲ್ಲಿ ಒಂದು ಚಿತ್ರ. ಒಂದು ತ್ರಿಕೋನ, ಅದರ ಒಂದು ಇಳಿಜಾರು ಇನ್ನೊಂದಕ್ಕಿಂತ ಎರಡು ಪಟ್ಟು ಉದ್ದ. ಅದರ ಮೇಲೆ 14 ಗುಂಡುಗಳ ಸರ ಹಾಕಿದೆ. ಉದ್ದದ ಕಡೆ 4 ಗುಂಡು, ಗಿಡ್ಡ ಕಡೆ 2, ಕೆಳಗೆ 8 ಜೋತಾಡುತ್ತಿವೆ. 4 ಇರೋ ಕಡೆಗೆ ಸರ ಜಾರುತ್ತಾ? ಜಾರಿದರೆ ಪ್ರತಿ ಗುಂಡಿನ ಜಾಗಕ್ಕೆ ಇನ್ನೊಂದು ಬರುತ್ತೆ, ಪರಿಸ್ಥಿತಿ ಮೊದಲಿದ್ದ ಹಾಗೇ ಇರುತ್ತೆ, ಸರ ಕೊನೆಯಿಲ್ಲದೆ ತಿರುಗುತ್ತಲೇ ಇರಬೇಕಾಗುತ್ತೆ. ಅದು ಆಗದ ಮಾತು. ಹಾಗಾದರೆ 4 ಮತ್ತು 2 ಸಮತೂಕದಲ್ಲಿವೆ. ಇಳಿಜಾರು ಎಷ್ಟು ಪಟ್ಟು ಉದ್ದವೋ, ಸರಕನ್ನು ಹಿಡಿದು ನಿಲ್ಲಿಸೋಕೆ ಅಷ್ಟು ಪಟ್ಟು ಕಡಿಮೆ ಬಲ ಸಾಕು. ಲಾರಿಗೆ ಹಲಗೆ ಇಟ್ಟು ಡ್ರಮ್ ಉರುಳಿಸಿದವರಿಗೆ ಇದು ಮೈಗೆ ಗೊತ್ತು, ಸ್ಟೆವಿನ್ ಅದಕ್ಕೆ ಕಾರಣ ಕೊಟ್ಟ.

ಅದೇ ಪುಸ್ತಕದಲ್ಲಿ ಸನ್ನೆಕೋಲಿನ ನಿಯಮವೂ ಇದೆ. ಊರಲ್ಲಿ ಇಬ್ಬರು ಬಿದಿರಿಗೆ ಮೂಟೆ ಕಟ್ಟಿ ಹೆಗಲ ಮೇಲೆ ಹೊರುತ್ತಾರಲ್ಲ, ಮೂಟೆ ಯಾರ ಕಡೆ ಸರಿಯಿತೋ ಅವನಿಗೆ ಭಾರ ಜಾಸ್ತಿ. ಎಷ್ಟು ಜಾಸ್ತಿ? 4 ಮೀಟರ್ ತೊಲೆ, ಎರಡು ತುದಿಗೂ ಕಂಬ. ಎಡ ಕಂಬದಿಂದ 1 ಮೀಟರ್ ದೂರದಲ್ಲಿ 600 ಕೆ.ಜಿ. ಇಟ್ಟಿದ್ದೀವಿ ಅನ್ನಿ. ಎಡ ಕಂಬವನ್ನು ತಿರುಗುವ ಬಿಂದು ಅಂದುಕೊಂಡರೆ ಹೊರೆ ಕೆಳಗೆ ತಿರುಗಿಸುವುದು 600 × 1. ಅದನ್ನು ಬಲ ಕಂಬ 4 ಮೀಟರ್ ದೂರದಿಂದ ತಡೀಬೇಕು. 600ನ್ನು 4ರಿಂದ ಭಾಗಿಸಿದರೆ 150. ಬಲಗಡೆ ಕಂಬಕ್ಕೆ 150, ಉಳಿದ 450 ಎಡಗಡೆಗೆ. ಇವತ್ತಿಗೂ ಯಾವುದೇ ತೊಲೆಯ ವಿನ್ಯಾಸ ಶುರುವಾಗೋದು ಇಲ್ಲಿಂದಲೇ. ಮೊದಲು ಹೊರೆ ಎಷ್ಟು, ಆಮೇಲೆ ಯಾವ ಆಧಾರ ಎಷ್ಟು ಹೊರುತ್ತೆ.

ಸ್ಟೆವಿನ್ ಮೇಜಿನ ಮುಂದೆಯೇ ಕೂತವನಲ್ಲ. ಗೆಳೆಯ ಯಾನ್ ಕಾರ್ನೆಟ್ಸ್ ಡಿ ಖ್ರೋಟ್ ಜೊತೆ ಸೇರಿ 30 ಅಡಿ ಎತ್ತರದಿಂದ ಎರಡು ಸೀಸದ ಗುಂಡು ಬೀಳಿಸಿದ, ಒಂದು ಇನ್ನೊಂದರ ಹತ್ತರಷ್ಟು ಭಾರ. ಕೆಳಗಿನ ಹಲಗೆಗೆ ಎರಡೂ ಒಟ್ಟಿಗೇ ಬಡಿದವು. ನೀರೆತ್ತುವ ಗಾಳಿಯಂತ್ರಗಳನ್ನು ಸುಧಾರಿಸಿ ಹಕ್ಕುಪತ್ರ ಪಡೆದ. ರಾಜಕುಮಾರ ಮೌರಿಟ್ಸ್‌ಗೆ ಗುರುವಾದ, ಅವನ ಸೈನ್ಯದಲ್ಲೂ ಕೆಲಸ ಮಾಡಿದ. ಹಾಯಿ ಕಟ್ಟಿದ ಗಾಡಿಯಲ್ಲಿ ರಾಜಕುಮಾರನ ಪರಿವಾರವನ್ನು ಸ್ಖೇವನಿಂಗನ್ ಮರಳಿನ ಮೇಲೆ ಓಡಿಸಿದ ಕತೆಯನ್ನು ಡಚ್ಚರು ಇವತ್ತಿಗೂ ಹೇಳುತ್ತಾರೆ.

ನನಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಾಣೋದು 1600ರ ಕೆಲಸ. ಲೈಡನ್‌ನಲ್ಲಿ ಎಂಜಿನಿಯರುಗಳಿಗೆ ಒಂದು ಶಾಲೆ ಶುರುವಾಯಿತು. ಪಾಠಕ್ರಮ ಬರೆದವನು ಸ್ಟೆವಿನ್, ಪಾಠ ಪೂರ್ತಿ ಡಚ್‌ನಲ್ಲಿ. ಲ್ಯಾಟಿನ್ ಬಾರದವನೂ ಬಂದು ಕೂತು ಅಳತೆ, ಕೋಟೆ ಕಟ್ಟುವ ಲೆಕ್ಕ ಕಲಿಯಬಹುದಿತ್ತು. ವಿಶ್ವವಿದ್ಯಾಲಯದ ಊರಲ್ಲಿ ಆ ಕಾಲಕ್ಕೆ ಇದು ಸಣ್ಣ ವಿಷಯ ಅಲ್ಲ.

ಮದುವೆಯಾದದ್ದು ಬಹಳ ತಡವಾಗಿ, ಅರವತ್ತು ದಾಟಿದ ಮೇಲೆ. ನಾಲ್ಕು ಮಕ್ಕಳು. 1620ರಲ್ಲಿ ತೀರಿಕೊಂಡ. ಉಳಿದ ಹಸ್ತಪ್ರತಿಗಳಲ್ಲಿ ಕೆಲವನ್ನು ಮಗ ಹೆಂಡ್ರಿಕ್ ಆಮೇಲೆ ಅಚ್ಚು ಹಾಕಿಸಿದ.

ಸ್ಟೆವಿನ್ ಆಧಾರದ ಲೆಕ್ಕ ಕೊಟ್ಟ, ತೊಲೆ ಮುರಿಯುವ ಲೆಕ್ಕ ಅವನದಲ್ಲ. ಅದನ್ನು ಕೈಗೆತ್ತಿಕೊಂಡವನು ಗೆಲಿಲಿಯೋ. ಇಟಲಿಯಲ್ಲಿ ಅಚ್ಚಿಗೆ ಅಡ್ಡಿ ಇದ್ದದ್ದರಿಂದ ಅವನ ಪುಸ್ತಕವೂ 1638ರಲ್ಲಿ ಅದೇ ಲೈಡನ್‌ನಲ್ಲೇ ಹೊರಬಂತು. ಗೋಡೆಯಿಂದ ಚಾಚಿದ ತೊಲೆ ಎಷ್ಟು ತಡೆಯುತ್ತೆ ಅನ್ನೋದರಲ್ಲಿ ಅವನ ಉತ್ತರ ಮೂರು ಪಟ್ಟು ಹೆಚ್ಚು ಬಂದಿತ್ತು, ಆದರೆ ಕೇಳಿದ ಪ್ರಶ್ನೆ ಸರಿಯಾಗಿತ್ತು. ಬಲ ಎಷ್ಟು ಅಂತ ಮಾತ್ರ ನೋಡಿದರೆ ಸಾಲದು, ಎಷ್ಟು ದೂರದಿಂದ ಬಾಗಿಸುತ್ತೆ ಅಂತಲೂ ನೋಡಬೇಕು. ಇದನ್ನೇ ಈಗ ಬೆಂಡಿಂಗ್ ಮೊಮೆಂಟ್ ಅಂತೀವಿ.

ಮೇಲಿನ ತೊಲೆಗೇ ಹೋಗೋಣ, ತೊಲೆಯ ಸ್ವಂತ ತೂಕ ಬಿಟ್ಟುಬಿಡಿ. ಹೊರೆಯ ಕೆಳಗೆ ಮೊಮೆಂಟ್ 450 × 1, ಅಂದರೆ 450 ಕೆ.ಜಿ.-ಮೀಟರ್. ಅದೇ 600 ಕೆ.ಜಿ.ಯನ್ನು ನಟ್ಟನಡುವೆ ಇಡಿ. ಕಂಬಗಳಿಗೆ 300, 300. ನಡುವಿನ ಮೊಮೆಂಟ್ 300 × 2, ಅಂದರೆ 600. ಇನ್ನು ಆ 600ನ್ನು ಉದ್ದಕ್ಕೂ ಸಮನಾಗಿ ಹರಡಿ. ಕಂಬದ ಕಡೆಯಿಂದ 300 × 2 ಬರುತ್ತೆ. ಆದರೆ ಎಡ ಅರ್ಧದ ಮೇಲೆ ಕೂತಿರೋ 300 ಕೆ.ಜಿ. ಸರಾಸರಿ 1 ಮೀಟರ್ ದೂರದಿಂದ ಅದಕ್ಕೆ ಎದುರಾಗಿ ತಿರುಗಿಸುತ್ತೆ, 300 × 1 ಕಳೆಯಬೇಕು. ಉಳಿದದ್ದು 300. ತೂಕ ಒಂದೇ, ತೊಲೆ ಒಂದೇ, ಬಾಗಿಸುವ ಬಲ ಮಾತ್ರ ಅರ್ಧಕ್ಕರ್ಧ.

ಟಿಲ್‌ಬರ್ಗ್, ವಾಲ್‌ವೈಕ್ ಸುತ್ತಿನ ಗೋಡೌನ್‌ಗಳಲ್ಲಿ ನಮ್ಮವರು ಎಷ್ಟೋ ಜನ ದುಡಿಯುತ್ತಿದ್ದಾರೆ. ರ್‍ಯಾಕಿನ ಮೇಲೆ ಅಂಟಿಸಿರೋ ಕೆ.ಜಿ. ಸಂಖ್ಯೆ ಸಾಮಾನ್ಯವಾಗಿ ಈ ಹರಡಿದ ಹೊರೆಯದ್ದು. ಅಷ್ಟೇ ತೂಕದ ಮೋಟಾರನ್ನು ಒಂಟಿಯಾಗಿ ನಡುವೆ ಇಳಿಸಿದರೆ ತೊಲೆಗೆ ಅದು ಎರಡರಷ್ಟು. ಬಾಡಿಗೆ ಮನೆಯ ಮರದ ಅಟ್ಟಕ್ಕೂ ಇದೇ ಲೆಕ್ಕ. ಅಕ್ಕಿ ಮೂಟೆಗಳನ್ನು ನಡುವೆ ಗುಡ್ಡೆ ಹಾಕದೆ, ತೊಲೆಗಳ ತುದಿ ಕೂತಿರೋ ಗೋಡೆಯ ಪಕ್ಕ ಸಾಲಾಗಿ ಇಡಿ.