ತಿಮಿಂಗಿಲದ ಲೆಕ್ಕ ಕೇಳಿದ ಮೇಯರ್: ಎಬೆನ್ ಹಾಪ್ಸನ್

ಮಂಜುಗಡ್ಡೆ ಮುಚ್ಚಿರೋ ಸಮುದ್ರದಲ್ಲಿ ತಿಮಿಂಗಿಲಗಳನ್ನ ಎಣಿಸೋದು ಹೇಗೆ? ನಮ್ಮ ಸಿಗ್ನಲ್ ಪ್ರೊಸೆಸಿಂಗ್ ಪೇಪರಿನಲ್ಲಿ ಹತ್ತು ಮಾರ್ಕ್ಸಿಗೆ ಬರಬಹುದಾದ ಪ್ರಶ್ನೆ ಇದು. ಆದರೆ 1977ರಲ್ಲಿ ಅಲಾಸ್ಕಾದ ಉತ್ತರದ ತುತ್ತತುದಿಯಲ್ಲಿದ್ದ ಒಂದು ಜನಾಂಗಕ್ಕೆ ಅದು ಹೊಟ್ಟೆಪಾಡಿನ ಪ್ರಶ್ನೆಯಾಗಿತ್ತು. ಅವತ್ತು ಅವರ ಮುಂದೆ ನಿಂತವರು ಎಬೆನ್ ಹಾಪ್ಸನ್. ಎಂಜಿನಿಯರ್ ಅಲ್ಲ, ವಿಜ್ಞಾನಿಯೂ ಅಲ್ಲ. ಹೈಸ್ಕೂಲ್ ಮೆಟ್ಟಿಲು ಹತ್ತೋದಕ್ಕೂ ಅವಕಾಶ ಸಿಗದ ಮನುಷ್ಯ.

ಹಾಪ್ಸನ್ ಹುಟ್ಟಿದ್ದು 1922ರ ನವೆಂಬರ್ 7ರಂದು, ಬ್ಯಾರೋ ಎಂಬ ಊರಿನಲ್ಲಿ. ಈಗ ಆ ಊರಿಗೆ ಅದರ ಹಳೆಯ ಹೆಸರೇ ವಾಪಸ್ ಬಂದಿದೆ: ಉತ್ಕಿಯಾಗ್ವಿಕ್. ಚಳಿಗಾಲದಲ್ಲಿ ಎರಡು ತಿಂಗಳು ಅಲ್ಲಿ ಸೂರ್ಯನೇ ಹುಟ್ಟೋದಿಲ್ಲ. ಅಲ್ಲಿನ ಮೂಲನಿವಾಸಿಗಳು ಇನುಪಿಯಾಟ್ ಜನ. ಹಾಪ್ಸನ್ ಅವರ ಅಜ್ಜ ತಿಮಿಂಗಿಲ ಬೇಟೆಯ ಹಡಗುಗಳ ಕಾಲದಲ್ಲಿ ಇಂಗ್ಲೆಂಡಿನಿಂದ ಬಂದು ಅಲ್ಲೇ ನೆಲೆ ನಿಂತವರು. ಮೊಮ್ಮಗ ಮಾತ್ರ ಭಾಷೆ, ಊಟ, ಕಸುಬು ಎಲ್ಲದರಲ್ಲೂ ಇನುಪಿಯಾಟ್ ಆಗಿಯೇ ಬೆಳೆದ.

ವಸಂತ ಬಂತೆಂದರೆ ಸಮುದ್ರದ ಮಂಜುಗಡ್ಡೆ ಅಲ್ಲಲ್ಲಿ ಬಿರಿದು ನೀರಿನ ಕಾಲುವೆಗಳು ತೆರೆದುಕೊಳ್ಳುತ್ತವೆ. ಆ ದಾರಿಯಲ್ಲಿ ಬೋಹೆಡ್ ತಿಮಿಂಗಿಲಗಳು ಸಾಲುಸಾಲಾಗಿ ವಲಸೆ ಹೊರಡುತ್ತವೆ. ಬೇಟೆಗಾರರು ಚರ್ಮದ ಹೊದಿಕೆಯ ದೋಣಿ ಇಟ್ಟುಕೊಂಡು ಮಂಜಿನ ಅಂಚಿನಲ್ಲಿ ಹಗಲು ರಾತ್ರಿ ಕಾಯುತ್ತಾರೆ. ಒಂದು ತಿಮಿಂಗಿಲ ಸಿಕ್ಕರೆ ಊರಿಗೆಲ್ಲ ಪಾಲು. ಉಳಿದದ್ದು ನೆಲದೊಳಗೆ ಕೊರೆದ ಮಂಜಿನ ಉಗ್ರಾಣಕ್ಕೆ. ಗದ್ದೆ ಇಲ್ಲ, ತೋಟ ಇಲ್ಲ. ಅವರ ಪಾಲಿಗೆ ಅದೇ ಸುಗ್ಗಿ.

ಹಾಪ್ಸನ್ ಬಾಲಕನಾಗಿದ್ದಾಗ ಊರಲ್ಲಿ ಹೈಸ್ಕೂಲ್ ಇರಲಿಲ್ಲ. ಮುಂದೆ ಓದಬೇಕೆಂದರೆ ಮನೆ ಬಿಟ್ಟು ನೂರಾರು ಮೈಲಿ ದೂರದ ವಸತಿ ಶಾಲೆಗೆ ಹೋಗಬೇಕು. ಆ ಅವಕಾಶ ಈ ಹುಡುಗನಿಗೆ ಸಿಗಲೇ ಇಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಸೈನ್ಯದಲ್ಲಿ ಕೆಲಸ ಮಾಡಿದರು, ಆಮೇಲೆ ರಾಜಕೀಯಕ್ಕೆ ಬಂದರು. 1959ರಲ್ಲಿ ಅಲಾಸ್ಕಾ ರಾಜ್ಯವಾದಾಗ ಅದರ ಮೊದಲ ಸೆನೆಟ್‌ನಲ್ಲಿ ಅವರೂ ಒಬ್ಬ ಸದಸ್ಯ.

1968ರಲ್ಲಿ ಕಥೆ ತಿರುಗಿತು. ಬ್ಯಾರೋದಿಂದ ಸುಮಾರು 300 ಕಿಲೋಮೀಟರ್ ಪೂರ್ವಕ್ಕೆ, ಪ್ರೂಡೋ ಬೇ ಎಂಬಲ್ಲಿ ಭಾರೀ ತೈಲ ನಿಕ್ಷೇಪ ಪತ್ತೆಯಾಯಿತು. ತೈಲ ತೆಗೆಯೋರು ಬಂದರು. ನೆಲ ಯಾರದು ಅನ್ನೋ ಪ್ರಶ್ನೆಯೂ ಬಂತು. ಭೂಹಕ್ಕಿನ ಹೋರಾಟದಲ್ಲಿ ಹಾಪ್ಸನ್ ಇದ್ದರು. ಆದರೆ ಪರಿಹಾರದ ಹಣವಷ್ಟೇ ಸಾಲದು, ತೆರಿಗೆ ಹಾಕುವ ಅಧಿಕಾರ ನಮ್ಮ ಕೈಯಲ್ಲೇ ಇರಬೇಕು ಅನ್ನೋದು ಅವರ ಲೆಕ್ಕ. 1972ರಲ್ಲಿ ನಾರ್ತ್ ಸ್ಲೋಪ್ ಬರೋ ಎಂಬ ಸ್ಥಳೀಯ ಸರ್ಕಾರ ಹುಟ್ಟಿತು (ನಮ್ಮ ಜಿಲ್ಲಾ ಪಂಚಾಯತಿಗೆ ಹೆಚ್ಚು ಅಧಿಕಾರ ಕೊಟ್ಟ ಹಾಗೆ ಅಂದುಕೊಳ್ಳಿ). ತೈಲ ಕಂಪನಿಗಳು ಕೋರ್ಟಿಗೆ ಹೋದರೂ ಅದು ಉಳಿಯಿತು. ಅದರ ಮೊದಲ ಮೇಯರ್ ಹಾಪ್ಸನ್. ತೈಲದ ತೆರಿಗೆಯಿಂದ ಹಳ್ಳಿಗಳಿಗೆ ಶಾಲೆ ಬಂತು, ತನಗೆ ಸಿಗದ ಹೈಸ್ಕೂಲೂ ಬಂತು.

ಇಲ್ಲೊಂದು ಇಕ್ಕಟ್ಟು ಇತ್ತು. ಬರೋ ನಡೆಯೋದೇ ತೈಲದ ದುಡ್ಡಿನಲ್ಲಿ. ಆದರೆ ತೈಲ ಕಂಪನಿಗಳು ನೆಲ ದಾಟಿ ಸಮುದ್ರದೊಳಗೆ ಕೊರೆಯಲು ಹೊರಟಾಗ ಹಾಪ್ಸನ್ ಅಡ್ಡ ನಿಂತರು. ಚಲಿಸುವ ಮಂಜುಗಡ್ಡೆಯ ಬಲ ಎಷ್ಟು, ಅದರಡಿ ತೈಲ ಸೋರಿದರೆ ಬಳಿಯೋದು ಹೇಗೆ ಅನ್ನೋದಕ್ಕೆ ಉತ್ತರವಿಲ್ಲದೆ ಕೊರೆಯಬಾರದು ಅನ್ನೋದು ಅವರ ವಾದ. ಆರ್ಕ್‌ಟಿಕ್ ಸಮುದ್ರ ಒಂದೇ ಆದ್ದರಿಂದ ಅದರ ನೀತಿಯೂ ಒಟ್ಟಿಗೇ ಆಗಬೇಕೆಂದು ಅಲಾಸ್ಕಾ, ಕೆನಡಾ, ಗ್ರೀನ್‌ಲ್ಯಾಂಡ್‌ಗಳ ಇನ್ಯೂಟ್ ಪ್ರತಿನಿಧಿಗಳನ್ನು 1977ರ ಜೂನ್‌ನಲ್ಲಿ ಬ್ಯಾರೋದಲ್ಲಿ ಸೇರಿಸಿದರು. ಇನ್ಯೂಟ್ ಸರ್ಕಂಪೋಲಾರ್ ಕಾನ್ಫರೆನ್ಸ್ ಶುರುವಾದದ್ದು ಹಾಗೆ.

ಅದೇ ಜೂನ್‌ನಲ್ಲೇ ಸಿಡಿಲು ಬಡಿಯಿತು. ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ ಕ್ಯಾನ್‌ಬೆರಾದಲ್ಲಿ ಸಭೆ ಸೇರಿ, ಇನುಪಿಯಾಟ್ ಜನರ ಬೋಹೆಡ್ ಬೇಟೆಯನ್ನು ಪೂರ್ತಿ ನಿಷೇಧಿಸಿತು. ಆಯೋಗದ ಆತಂಕ ಸುಳ್ಳಲ್ಲ. 1848ರಿಂದ ಹೊರಗಿನ ವ್ಯಾಪಾರಿ ಹಡಗುಗಳು ಆ ತಿಮಿಂಗಿಲಗಳನ್ನು ಬಹುಪಾಲು ಬಳಿದು ಹಾಕಿದ್ದವು. 70ರ ದಶಕದಲ್ಲಿ ಸ್ಥಳೀಯರ ಬೇಟೆ ಹೆಚ್ಚಿತ್ತು. ಏಟು ತಿಂದು ಕೈತಪ್ಪಿ ಹೋಗುವ ತಿಮಿಂಗಿಲಗಳೂ ಹೆಚ್ಚಿದ್ದವು. ಉಳಿದಿರೋದು ಸಾವಿರದ ಆಸುಪಾಸು, ಹೆಚ್ಚೆಂದರೆ ಎರಡು ಸಾವಿರ ಅಂತ ವಿಜ್ಞಾನಿಗಳ ಅಂದಾಜು.

ಆ ಅಂದಾಜು ಬಂದದ್ದು ಹೇಗೆ? ಮಂಜಿನ ಅಂಚಿನಲ್ಲಿ ನಿಂತು, ಕಾಲುವೆಯಲ್ಲಿ ಕಂಡ ತಿಮಿಂಗಿಲಗಳನ್ನು ಎಣಿಸಿ. ಕಾಲುವೆ ಮುಚ್ಚಿದರೆ ವಲಸೆಯೂ ನಿಂತಿತು ಅಂತ ಲೆಕ್ಕ. ಬೇಟೆಗಾರರು ಹೇಳಿದ್ದು ಬೇರೆ. ಕಾಲುವೆ ಮುಚ್ಚಿದರೂ ತಿಮಿಂಗಿಲ ನಿಲ್ಲೋದಿಲ್ಲ, ತಲೆಯಿಂದ ಮಂಜು ಒಡೆದು ಉಸಿರಾಡಿ ಮುಂದೆ ಹೋಗುತ್ತದೆ. ಅಂಚಿನಿಂದ ದೂರದಲ್ಲಿ, ಕಣ್ಣಿಗೆ ಬೀಳದ ಹಾಗೆ ಇನ್ನೂ ಎಷ್ಟೋ ಸಾಗುತ್ತವೆ ಅಂತ. ಇದು ನಂಬಿಕೆಯ ಮಾತಲ್ಲ. ಅಳತೆಯಲ್ಲಿ ಎಲ್ಲಿ ತಪ್ಪಿದೆ ಅನ್ನೋದನ್ನ ಬೆರಳಿಟ್ಟು ತೋರಿಸುವ ಮಾತು.

ಹಾಪ್ಸನ್ ಮತ್ತು ಅವರ ಜೊತೆಗಾರರು ಎರಡು ಕಡೆಯಿಂದ ಕೆಲಸಕ್ಕಿಳಿದರು. ಒಂದು ಕಡೆ ಬೇಟೆ ತಂಡಗಳ ಕ್ಯಾಪ್ಟನ್‌ಗಳೆಲ್ಲ ಸೇರಿ 1977ರಲ್ಲೇ ಅಲಾಸ್ಕಾ ಎಸ್ಕಿಮೋ ವೇಲಿಂಗ್ ಕಮಿಷನ್ ಕಟ್ಟಿದರು. ಅಮೆರಿಕ ಸರ್ಕಾರದ ನಿಯಮಗಳ ವಿರುದ್ಧ ಹಾಪ್ಸನ್ ಹೆಸರಿನಲ್ಲೇ ಕೇಸು ನಡೆಯಿತು. ಆ ಡಿಸೆಂಬರ್‌ನಲ್ಲಿ ಆಯೋಗ ನಿಷೇಧ ಸಡಿಲಿಸಿ, 1978ಕ್ಕೆ 12 ತಿಮಿಂಗಿಲ ಹಿಡಿಯಬಹುದು ಅಥವಾ 18ಕ್ಕೆ ಈಟಿ ಎಸೆಯಬಹುದು, ಯಾವುದು ಮೊದಲಾಗುತ್ತೋ ಅಲ್ಲಿಗೆ ನಿಲ್ಲಿಸಬೇಕು ಅಂದಿತು. ಇನ್ನೊಂದು ಕಡೆ, ಸರಿಯಾದ ಎಣಿಕೆಗೆ ಬರೋ ತನ್ನ ದುಡ್ಡನ್ನೇ ಸುರಿಯತೊಡಗಿತು. ಇದು ಸಣ್ಣ ಧೈರ್ಯವಲ್ಲ. ಲೆಕ್ಕ ಕಮ್ಮಿ ಬಂದರೆ ತಮ್ಮದೇ ದುಡ್ಡಿನಲ್ಲಿ ತಮ್ಮ ಬೇಟೆಗೆ ಬಾಗಿಲು ಹಾಕಿಕೊಂಡ ಹಾಗೆ.

ಫಲ ನೋಡಲು ಹಾಪ್ಸನ್ ಉಳಿಯಲಿಲ್ಲ. ಕ್ಯಾನ್ಸರ್‌ನಿಂದ 1980ರ ಜೂನ್ 28ರಂದು, 57ನೇ ವಯಸ್ಸಿನಲ್ಲಿ ತೀರಿಕೊಂಡರು. ಕೆಲಸ ನಿಲ್ಲಲಿಲ್ಲ. ಹಿರಿಯ ಬೇಟೆಗಾರ ಹ್ಯಾರಿ ಬ್ರೋವರ್ ತಾವು ಕಂಡದ್ದನ್ನೆಲ್ಲ ವಿಜ್ಞಾನಿ ಟಾಮ್ ಆಲ್ಬರ್ಟ್ ಅವರಿಗೆ ತಾಳ್ಮೆಯಿಂದ ಕಲಿಸಿದರು. ಆಲ್ಬರ್ಟ್ ಅದನ್ನು ಪರೀಕ್ಷಿಸುವ ದಾರಿ ಹುಡುಕಿದರು. 1980ರ ದಶಕದಲ್ಲಿ ಮಂಜಿನ ಅಂಚಿನುದ್ದಕ್ಕೂ ನೀರಿನೊಳಗೆ ಹೈಡ್ರೋಫೋನ್ ಇಳಿಬಿಟ್ಟರು. ತಿಮಿಂಗಿಲ ಕೂಗುತ್ತದೆ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು ಒಂದೂವರೆ ಕಿಲೋಮೀಟರ್. ಒಂದೇ ಕೂಗು ಬೇರೆ ಬೇರೆ ಹೈಡ್ರೋಫೋನ್‌ಗೆ ತಲುಪುವ ಸಮಯದ ವ್ಯತ್ಯಾಸ ಸಿಕ್ಕರೆ ಕೂಗಿದ ಜಾಗ ಸಿಗುತ್ತೆ. ನೋಡಿದರೆ, ಕಣ್ಣಿನ ಅಳತೆಗೆ ಸಿಗದ ದೂರದಲ್ಲಿ, ಮಂಜಿನಡಿಯಲ್ಲಿ, ಮುದುಕರು ಹೇಳಿದ ಕಡೆಯೇ ತಿಮಿಂಗಿಲಗಳು ಹೋಗ್ತಾ ಇದ್ವು! ಆ ದಶಕ ಮುಗಿಯೋ ಹೊತ್ತಿಗೆ ಅಂದಾಜು ಏಳು ಸಾವಿರ ದಾಟಿತ್ತು. 2001ರ ಎಣಿಕೆಯಲ್ಲಿ ಹತ್ತು ಸಾವಿರಕ್ಕೂ ಮೇಲೆ, 2011ರಲ್ಲಿ ಸುಮಾರು 17,000. ಮಿತಿಯೊಳಗಿನ ಬೇಟೆ ನಡೆಯುತ್ತಲೇ ಇದೆ, ತಿಮಿಂಗಿಲವೂ ಹೆಚ್ಚುತ್ತಾ ಬಂತು.

1981ರಿಂದ ಬೇಟೆಯ ಮೇಲ್ವಿಚಾರಣೆಯನ್ನು ಕ್ಯಾಪ್ಟನ್‌ಗಳ ಕಮಿಷನ್ ಮತ್ತು ಅಮೆರಿಕದ ಸಮುದ್ರ ಇಲಾಖೆ ಒಪ್ಪಂದ ಮಾಡಿಕೊಂಡು ಒಟ್ಟಿಗೆ ನಡೆಸುತ್ತಿವೆ. ಏಟು ತಿಂದ ತಿಮಿಂಗಿಲ ಕೈತಪ್ಪದ ಹಾಗೆ ಬೇಟೆಗಾರರು ತಮ್ಮ ಸಲಕರಣೆಯನ್ನೂ ಸುಧಾರಿಸಿಕೊಂಡರು. ಅಂದ್ರೆ ವಿಜ್ಞಾನಿಗಳ ದೂರಿನಲ್ಲಿದ್ದ ನಿಜವನ್ನು ಅವರೂ ಒಪ್ಪಿದರು.

ಸ್ಥಳೀಯರ ಜ್ಞಾನವನ್ನ ಗೌರವಿಸಬೇಕು ಅಂತ ಭಾಷಣ ಮಾಡೋದು ಸುಲಭ. ಹಾಪ್ಸನ್ ಹಿಡಿದದ್ದು ಅದಕ್ಕಿಂತ ಗಟ್ಟಿ ದಾರಿ. ಹಿರಿಯರು ಹೇಳಿದ್ದನ್ನ ಸುಮ್ಮನೆ ಒಪ್ಪಿಕೊಳ್ಳಿ ಅಂತ ಜಗತ್ತಿಗೆ ಹೇಳಲಿಲ್ಲ. ಅಳೆದು ನೋಡಿ ಅಂದರು, ಅಳೆಯೋ ಖರ್ಚನ್ನೂ ತಮ್ಮ ಸರ್ಕಾರದ ಮೇಲೇ ಹಾಕಿಕೊಂಡರು. ಹೈಡ್ರೋಫೋನ್ ಮಾಡಿದ್ದು ಎಂಜಿನಿಯರ್‌ಗಳೇ, ಸರಿ. ಅದನ್ನ ಎಲ್ಲಿ ಇಳಿಬಿಡಬೇಕು ಅಂತ ಹೇಳಿದ್ದು ಮಾತ್ರ ಮಂಜಿನ ಮೇಲೆ ಕೂತು ಜೀವಮಾನವಿಡೀ ಕಾದವರು.